ಗಾಳೆಮ್ಮನ ಮನೆಗೆ ಹೋದ ಫ್ರಿಜ್

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ನಮ್ಮ ಮನೆಯ ಫ್ರಿಜ್ ಗಾಳೆಮ್ಮನ ಮನೆಗೆ ಹೋಯಿತು.

ಮಾರಿದ್ದಲ್ಲ. ಕೊಟ್ಟದ್ದೂ ಅಲ್ಲ. ಒಂದು ಹಗಲಿನ ಮಟ್ಟಿಗೆ ನೆಂಟರ ಮನೆಗೆ ಹೋದಂತೆ ಹೋಯಿತು. ಮುಂದೆ ನಾನು ಹಿಡಿದಿದ್ದೆ, ಹಿಂದಿನಿಂದ ನನ್ನ ಹೆಂಡತಿ ಶಶಿಕಲಾ ತಳ್ಳುತ್ತಿದ್ದಳು. ಒಳಗೆ ಮೊಸರು, ದೋಸೆ ಹಿಟ್ಟು, ಅರ್ಧ ಕೊಯ್ದ ನಿಂಬೆಹಣ್ಣು ಎಲ್ಲ ಹಾಗೇ ಇದ್ದವು. ಖಾಲಿ ಮಾಡಲು ಟೈಮ್ ಎಲ್ಲಿತ್ತು? ಸರ್ವೆಯವರು ಬಸ್ ಸ್ಟ್ಯಾಂಡ್ ದಾಟಿ ನಮ್ಮ ಓಣಿಯ ಕಡೆ ತಿರುಗಿದ್ದಾರೆಂದು ಆಗಲೇ ಸುದ್ದಿ ಬಂದಿತ್ತು.

ಸರ್ವೆ ಅಂದರೆ ಹಡಗಲಿಯ ನಮ್ಮ ಓಣಿಯಲ್ಲಿ ಯಾವ ಸರ್ವೆ, ಯಾರ ಸರ್ವೆ ಎಂದು ಯಾರೂ ಕೇಳುವುದಿಲ್ಲ. ಸರ್ವೆ ಬಂದರೆ ಕಾರ್ಡ್ ಹೋಗುತ್ತದೆ. ಅಷ್ಟೇ ನಮಗೆ ಗೊತ್ತಿರುವುದು. ಕೊಟ್ಟೂರಿನಲ್ಲಿ ಯಾರದೋ ಮನೆಯ ಫ್ರಿಜ್ ನೋಡಿ ಹೆಸರು ಹೊಡೆದು ಹಾಕಿದರಂತೆ. ಕೂಡ್ಲಿಗಿ ಕಡೆ ಬೈಕ್ ನೋಡಿಯೇ ಅಕ್ಕಿ ನಿಲ್ಲಿಸಿದರಂತೆ. ಈ ‘ಅಂತೆ’ಗಳನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಆದರೂ ನಂಬದವರೂ ಒಬ್ಬರಿಲ್ಲ.

ನಮ್ಮದೂ ಬಿಪಿಎಲ್ ಕಾರ್ಡೇ. (ನನಗೆ ಹಾರ್ಡ್‌ವೇರ್ ಅಂಗಡಿ ಇದೆಯಲ್ಲ, ಹೇಗೆ ಬಂತು ಎಂದು ಕೇಳಬೇಡಿ. ನಿಮ್ಮದು ಹೇಗೆ ಬಂತೋ ಹಾಗೇ.)

ಅದಕ್ಕೇ ನಮ್ಮ ಓಣಿಯಲ್ಲಿ ಒಂದು ಪದ್ಧತಿ ಬೆಳೆದಿದೆ. ಸರ್ವೆ ಅಂತ ಕಿವಿಗೆ ಬಿದ್ದ ಕೂಡಲೇ ಬೆಲೆಬಾಳುವ ಸಾಮಾನೆಲ್ಲ ಗಾಳೆಮ್ಮನ ಮನೆಗೆ ಹೋಗುತ್ತದೆ. ಓಣಿಯ ಕೊನೆಗೆ ಒಂದೇ ಕೋಣೆಯ ಮನೆ ಅದು. ಅಲ್ಲಿ ಫ್ರಿಜ್ ಇದ್ದೀತೆಂದು ಯಾವ ಅಧಿಕಾರಿಗೂ ಅನುಮಾನ ಬರುವುದಿಲ್ಲ. ಜೊತೆಗೆ ಅಲ್ಲಿ ಜಾಗ ಇದೆ. ಯಾಕೆಂದರೆ ಅಲ್ಲಿ ಸಾಮಾನಿಲ್ಲ.

ಗಾಳೆಮ್ಮ ಮಲ್ಲಿಗೆ ಮಾರುತ್ತಾಳೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಬೆಳಗಾದರೆ ತೋಟದವರಿಂದ ಮೊಗ್ಗು ಕೊಂಡು, ಕೂತು ಕಟ್ಟಿ, ಮಧ್ಯಾಹ್ನದಿಂದ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ನಮ್ಮೂರ ಮಲ್ಲಿಗೆಯನ್ನು ಹೊರಗಿನವರು ಹೊಗಳಿದ್ದೇ ಹೊಗಳಿದ್ದು. ಆದರೆ ಬೇಸಿಗೆಯಲ್ಲಿ ಸಂಜೆಯೊಳಗೆ ಖರ್ಚಾಗದ ಮಲ್ಲಿಗೆ ಬೆಳಿಗ್ಗೆ ಕಂದುಬಣ್ಣದ ಕಸ. ಗಾಳೆಮ್ಮನ ದುಡಿಮೆಯಲ್ಲಿ ಒಂದು ಪಾಲು ದಿನವೂ ಚರಂಡಿ ಸೇರುತ್ತದೆ.

ನಾವು ಫ್ರಿಜ್ ಸಮೇತ ಬಾಗಿಲಲ್ಲಿ ನಿಂತಾಗ ಆಕೆ ಹೂವಿನ ಬುಟ್ಟಿ ಸರಿಸಿದಳು.

“ಇಡ್ರಿ ಶಶಕ್ಕ, ಜಾಗ ಐತಿ.”

ನಮ್ಮ ಹಿಂದೆಯೇ ಎದುರುಮನೆಯ ಶಿವಣ್ಣ ಹೊಸ ಬೈಕ್ ತಳ್ಳಿಕೊಂಡು ಬಂದ. ಮೂಲೆಮನೆಯ ಹಾಲಪ್ಪ ಗೋಡೆಗೆ ನೇತುಹಾಕುವ ದೊಡ್ಡ ಟಿವಿಯನ್ನು ಚಾದರದಲ್ಲಿ ಸುತ್ತಿ, ಎಳೆಗೂಸಿನ ಹಾಗೆ ಎದೆಗವಚಿಕೊಂಡು ತಂದ. ಅರ್ಧ ತಾಸಿನಲ್ಲಿ ಗಾಳೆಮ್ಮನ ಕೋಣೆ ಶೋರೂಮ್ ಆಯಿತು. ಆಕೆಗೆ ಹೂ ಕಟ್ಟಲು ಜಾಗ ಉಳಿದದ್ದು ಹೊಸ್ತಿಲಿನ ಮೇಲೆ ಮಾತ್ರ.

ಸರ್ವೆಗೆ ಬಂದದ್ದು ಒಬ್ಬಳೇ ಹುಡುಗಿ. ಹೆಸರು ಕಾವ್ಯ. ಹರಪನಹಳ್ಳಿ ಕಡೆಯವಳು, ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಒಂದು ಸಂಶೋಧನಾ ತಂಡದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಕೈಯಲ್ಲಿ ಟ್ಯಾಬ್, ಕುತ್ತಿಗೆಯಲ್ಲಿ ಗುರುತಿನ ಚೀಟಿ.

“ನಂದು ಸರ್ಕಾರದ ಸರ್ವೆ ಅಲ್ಲ ಆಂಟಿ, ಕಾರ್ಡಿಗೂ ಇದಕ್ಕೂ ಸಂಬಂಧ ಇಲ್ಲ” ಎಂದು ಮೊದಲೇ ಹೇಳಿದಳು.

“ಬಂದೋರೆಲ್ಲಾ ಹಂಗ ಅಂತಾರವ್ವ” ಎಂದಳು ನನ್ನ ಹೆಂಡತಿ. ಆಮೇಲೆ ಶುರುವಾಯಿತು ನೋಡಿ ನಮ್ಮ ಮನೆಯ ಬಡತನ.

ಅಂಗಡಿಯಲ್ಲಿ ವ್ಯಾಪಾರ ಬಿದ್ದುಹೋಗಿದೆ. ಇವರಿಗೆ ಬಿಪಿ. ಮನೆಯಲ್ಲಿ ಒಂದು ಮಿಕ್ಸರ್ ಇದೆ, ಅದೂ ತವರಿನವರು ಕೊಟ್ಟದ್ದು. ಇವರು ಪೇಪರಿಗೆ ಅಂಕಣ ಬರೆಯುತ್ತಾರೆ, ಅದರಿಂದ ಏನು ಸಿಗುತ್ತದೆ? ಚಹಾದ ಖರ್ಚಿಗೂ ಆಗುವುದಿಲ್ಲ. (ಇದೊಂದು ಮಾತ್ರ ನಿಜ.) ನಾನು ಪೇಪರ್ ಅಡ್ಡ ಹಿಡಿದು ಕೂತಿದ್ದೆ. ನಮ್ಮ ಕಷ್ಟ ಕೇಳುತ್ತ ಕೇಳುತ್ತ ನನಗೇ ಕಣ್ಣು ಒದ್ದೆಯಾಗುವುದೊಂದು ಬಾಕಿ.

ಕಾವ್ಯ ಗೋಡೆಯ ಕಡೆ ನೋಡಿದಳು.

“ಸ್ಟೆಬಿಲೈಜರ್ ಯಾವುದಕ್ಕೆ ಆಂಟಿ?”

“ಅದಾ? ಲೈಟಿಗೆ. ಇಲ್ಲಿ ಕರೆಂಟ್ ಭಾಳ ಏರಿಳಿತ ಆಕ್ಕೈತಿ.”

ಹುಡುಗಿ ಒಮ್ಮೆ ಲೈಟಿನ ಕಡೆ ನೋಡಿದಳು. ಫ್ರಿಜ್ ನಿಂತಿದ್ದ ಜಾಗದಲ್ಲಿ ನೆಲ ಮಾತ್ರ ಉಳಿದ ನೆಲಕ್ಕಿಂತ ಹೊಳೆಯುತ್ತಿತ್ತು. ಅದನ್ನೂ ನೋಡಿದಳು. ಟ್ಯಾಬಿನಲ್ಲಿ ‘ಇಲ್ಲ’ ಎಂದು ಒತ್ತಿದಳು.

ನನಗೆ ಸುಮ್ಮನಿರಲಾಗಲಿಲ್ಲ. ಬರೆಯುವವನ ಚಟ. “ಅಲ್ಲಮ್ಮ, ಆದಾಯ ಎಷ್ಟು ಅಂತ ನೇರವಾಗಿ ಕೇಳೋದು ಬಿಟ್ಟು ಫ್ರಿಜ್, ಬೈಕ್ ಯಾಕೆ ಎಣಿಸ್ತೀರಿ?” ಎಂದೆ.

“ಆದಾಯ ಕೇಳಿದ್ರೆ ಯಾರೂ ಸರಿಯಾಗಿ ಹೇಳಲ್ಲ ಸರ್. ಕೆಲವರಿಗೆ ಗೊತ್ತೂ ಇರಲ್ಲ. ಮನೆಯಾಗಿನ ಸಾಮಾನು ಸುಳ್ಳು ಹೇಳಲ್ಲ, ಅದಕ್ಕೆ.”

ಶಶಿಕಲಾ ಕೆಮ್ಮಿದಳು. ನಾನು ಮಾತು ಬದಲಿಸಿದೆ. “ಇಷ್ಟೆಲ್ಲ ತಿಳಿದುಕೊಂಡು ಏನು ಮಾಡ್ತೀರಿ?”

ಆಗ ಕಾವ್ಯ ಒಂದು ಪೆಟ್ಟಿಗೆಯ ಫೋಟೋ ತೋರಿಸಿದಳು. ಕರೆಂಟ್ ಬೇಡದ, ನೀರಿನ ತಂಪಿನಲ್ಲೇ ಹೂವು ಬಾಡದಂತೆ ಇಡುವ ಹೊಸ ಥರದ ಪೆಟ್ಟಿಗೆ. ರಾತ್ರಿ ಇಟ್ಟ ಮಾಲೆ ಬೆಳಿಗ್ಗೆ ಮಾರಬಹುದಂತೆ. ಹೂ ಮಾರಿ ಬದುಕುವ ಕೆಲವು ಮನೆಗಳಿಗೆ ಅದನ್ನು ಪುಕ್ಕಟೆ ಕೊಟ್ಟು, ಆದಾಯ ಹೆಚ್ಚುತ್ತದೋ ಇಲ್ಲವೋ ಎಂದು ನೋಡುವುದು ಅವರ ಸಂಶೋಧನೆ. ಕೊಟ್ಟ ಪೆಟ್ಟಿಗೆ ವಾಪಸ್ ಕೇಳುವುದಿಲ್ಲ.

“ಯಾರಿಗೆ ಕೊಡ್ತೀರವ್ವಾ?” ಎಂದಳು ಶಶಿಕಲಾ. ದನಿ ಬೇರೆಯಾಗಿತ್ತು.

“ಮನೆಯಾಗೆ ಸಾಮಾನು ಕಡಿಮೆ ಇರೋ ಹೂವಿನೋರಿಗೆ ಮೊದಲು. ನಿಮ್ಮ ಓಣಿಯಾಗೆ ಹೂ ಮಾರೋರು ಒಬ್ಬರೇ ಅಂತೆ. ಗಾಳೆಮ್ಮ. ಈಗ ಅವರ ಮನೆಗೇ ಹೋಗ್ತಾ ಇದೀನಿ.”

ನಾನು ಹೆಂಡತಿಯ ಮುಖ ನೋಡಿದೆ. ಆಕೆ ನನ್ನ ಮುಖ ನೋಡಿದಳು. ಇಡೀ ಓಣಿಯಲ್ಲಿ ಆ ಪೆಟ್ಟಿಗೆ ಬೇಕಾಗಿದ್ದದ್ದು ಒಂದೇ ಮನೆಗೆ. ಇಡೀ ಓಣಿಯ ಸಾಮಾನು ಕೂತಿದ್ದದ್ದೂ ಅದೇ ಮನೆಯಲ್ಲಿ!

ನಾವಿಬ್ಬರೂ ಚಪ್ಪಲಿ ಮೆಟ್ಟುವುದರೊಳಗೆ ಹುಡುಗಿ ಅಲ್ಲಿ ತಲುಪಿದ್ದಳು.

ಬಾಗಿಲಲ್ಲಿ ಬೈಕ್. ಒಳಗೆ ಗೋಡೆಗೊರಗಿದ ಟಿವಿ. ಪಕ್ಕದಲ್ಲಿ ಗುಯ್ಗುಡುತ್ತಿದ್ದ ನಮ್ಮ ಫ್ರಿಜ್. ಕಾವ್ಯ ಬೆರಗಾಗಿ ನಿಂತಿದ್ದಳು.

“ಅಮ್ಮಾ, ಇವೆಲ್ಲ ನಿಮ್ಮವೇನಾ?”

ಗಾಳೆಮ್ಮ ತಲೆಯೆತ್ತಿದಳು. ಹುಡುಗಿಯ ಹೆಗಲ ಮೇಲಿಂದ ನನ್ನನ್ನು ನೋಡಿದಳು. ಪೆಟ್ಟಿಗೆಯ ವಿಷಯ ಆಕೆಗೆ ಗೊತ್ತಿಲ್ಲ. ನಮ್ಮ ಕಾರ್ಡಿನ ವಿಷಯ ಮಾತ್ರ ಗೊತ್ತು. ಮಾತು ಕೊಟ್ಟು ಇಟ್ಟುಕೊಂಡ ಸಾಮಾನು.

“ಹ್ಞೂನವ್ವ. ನಮ್ಮುವ” ಎಂದಳು.

“ತಿಂಗಳಿಗೆ ಸಂಪಾದನೆ ಹೆಂಗಮ್ಮ? ಸಾಲ್ತೈತಾ?”

“ಚಲೋ ನಡೀತೈತಿ ತಾಯಿ. ಯಾರ ಮುಂದೂ ಕೈ ಚಾಚಿಲ್ಲ.”

ಹತ್ತು ನಿಮಿಷದ ಹಿಂದೆ ನಮ್ಮ ಮನೆಯಲ್ಲಿ ಕೇಳಿದ ಉತ್ತರವನ್ನು ಇದರ ಪಕ್ಕ ಇಟ್ಟು ನೋಡಿ. ಇದ್ದವರು ಇಲ್ಲ ಎಂದೆವು. ಇಲ್ಲದವಳು ಇದೆ ಎಂದಳು. ನಮಗೆ ಕಾರ್ಡ್ ಹೋಗುವ ಭಯ, ಆಕೆಗೆ ಮರ್ಯಾದೆ ಹೋಗುವ ಭಯ. ನಾವು ಮೇಲಿಂದ ಇಳಿದು ಬಂದೆವು, ಆಕೆ ಕೆಳಗಿಂದ ಹತ್ತಿ ಬಂದಳು. ಟ್ಯಾಬಿನೊಳಗೆ ನಮ್ಮ ಓಣಿಯ ಬಡವ ಬಲ್ಲಿದರೆಲ್ಲ ಒಂದೇ ಮಟ್ಟಕ್ಕೆ ಬಂದು ನಿಂತರು. ನಾಳೆ ಯಾರಾದರೂ ನಮ್ಮಲ್ಲಿ ಅಸಮಾನತೆ ಕಡಿಮೆಯಾಗಿದೆ ಎಂದು ವರದಿ ಬರೆದರೆ ಅವರನ್ನು ಬೈಯಬೇಡಿ. ನಮ್ಮನ್ನು ಬೈಯಿರಿ.

ಹುಡುಗಿ ಕೇಳಿ ಫ್ರಿಜ್ ಬಾಗಿಲು ತೆಗೆದಳು. ನಮ್ಮ ಮೊಸರು, ನಮ್ಮ ಹಿಟ್ಟು, ನಮ್ಮ ಅರ್ಧ ನಿಂಬೆಹಣ್ಣು. ಕೆಳಗಿನ ಮೂಲೆಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಮಾರು ಮಲ್ಲಿಗೆ.

ಗಾಳೆಮ್ಮ ತಟ್ಟನೆ ಎದ್ದಳು. ಸುಳ್ಳು ಹೇಳುವಾಗ ನಡುಗದ ದನಿ ಈಗ ನಡುಗಿತು.

“ಶಶಕ್ಕ, ತಪ್ಪು ತಿಳಕಾಬ್ಯಾಡ್ರಿ. ಒಂದೀಟ ಇಟ್ಟಿದ್ದೆ. ಇವತ್ತೊಂದಿನ ಉಳೀತಾವೇನೋ ನೋಡಾನ ಅಂತ.”

ಇಷ್ಟು ವರ್ಷ ಒಂದೇ ಓಣಿಯಲ್ಲಿ ಇದ್ದೇವೆ. ದಿನಾ ಬೆಳಿಗ್ಗೆ ಚರಂಡಿಗೆ ಬೀಳುವ ಹೂವು ನೋಡಿದ್ದೇನೆ. ನಮ್ಮ ಫ್ರಿಜ್ಜಿನಲ್ಲಿ ಒಂದು ಮಾಲೆಗೆ ಜಾಗ ಇದೆ ಎಂದು ನಮಗೆ ಯಾಕೆ ಹೊಳೆಯಲಿಲ್ಲ? ಆಕೆಯ ಮನೆಯಲ್ಲಿ ನಮ್ಮ ಫ್ರಿಜ್ಜಿಗೆ ಜಾಗ ಇದೆ ಎಂದು ಎಷ್ಟು ಬೇಗ ಹೊಳೆಯಿತು!

ನಾನು ಇದನ್ನೆಲ್ಲ ಯೋಚಿಸುತ್ತ ನಿಂತಿದ್ದೆ. (ಅಂಕಣ ಬರೆಯುವವರು ಮಾಡುವುದೇ ಅಷ್ಟು.) ಮಾತಾಡಿದವಳು ನನ್ನ ಹೆಂಡತಿ.

“ಏ ಹುಡುಗಿ, ಆ ಫ್ರಿಜ್ ನಮ್ದು. ಈಕಿ ಲೆಕ್ಕದಾಗಿಂದ ಹೊಡದ ಹಾಕು ಅದನ್ನ. ನಮ್ಮ ಮನಿ ಲೆಕ್ಕಕ್ಕ ಬರಕೋ. ಕಾರ್ಡ್ ಹೋದ್ರ ಹೋಗ್ಲಿ.”

“ಮತ್ತೆ ಟಿವಿ? ಬೈಕು?”

ಶಶಿಕಲಾ ಓಣಿಯ ನಡುವೆ ಬಂದು ನಿಂತಳು. ಕಿಟಕಿಗಳ ಹಿಂದೆ ಕಣ್ಣುಗಳಿದ್ದವು. ಬಾಗಿಲು ಒಂದೂ ತೆರೆಯಲಿಲ್ಲ.

“ಲೇ ಶಿವಣ್ಣಾ! ಬೈಕ್ ನಿಂದೋ ಗಾಳೆಮ್ಮಂದೋ? ಈಕಿ ಬರಕೊಳ್ಳಾಕ ಹತ್ಯಾಳ ನೋಡು. ಒಮ್ಮೆ ಗಾಳೆಮ್ಮನ ಹೆಸರಿಗೆ ಬರದ್ರ ಆಕೀದ ಆಕ್ಕೈತಿ. ಆಮ್ಯಾಲ ನಂದು ಅಂತ ಬರಬ್ಯಾಡ!”

ಶಿವಣ್ಣ ಬನಿಯನ್ನಿನಲ್ಲೇ ಓಡಿ ಬಂದ. “ನಂದ್ರೀ ಮೇಡಂ, ಆರ್‌ಸಿ ಐತಿ, ತೋರಸ್ಲಾ?” ಹಾಲಪ್ಪ ಟಿವಿಯ ಬಿಲ್ಲು ಹಿಡಿದುಕೊಂಡು ಹಿಂದೆಯೇ ಬಂದ. ಅದುವರೆಗೆ ಒಂದೂ ಸಾಮಾನಿಲ್ಲದ ಓಣಿಯಲ್ಲಿ ಈಗ ಪುರಾವೆ ಸಮೇತ ಮಾಲೀಕರು!

ಮನಸ್ಸಾಕ್ಷಿ ಎಚ್ಚರವಾಗಿ ನಿಜ ಹೊರಬಂತು ಎಂದು ಬರೆಯಲು ನನಗೂ ಆಸೆ. ಆದರೆ ಬಂದದ್ದು ಬೈಕ್ ಹೋದೀತೆಂಬ ಭಯಕ್ಕೆ. ಹೋಗಲಿ ಬಿಡಿ, ನಿಜ ಯಾವ ಬಾಗಿಲಿಂದ ಬಂದರೇನು?

ಎಲ್ಲರೂ ನಕ್ಕೆವು. ಗಾಳೆಮ್ಮ ಮಾತ್ರ ನಗಲಿಲ್ಲ.

“ಓಣಿ ಮಂದಿನೆಲ್ಲಾ ಕೂಡಿಸಿ ನಾನು ಬಡವಿ ಅಂತ ಬರಸಿದ್ರೇನು?” ಎಂದಳು. “ಒಂದು ತಾಸು ಸಾವ್ಕಾರ್ತಿ ಆಗಿದ್ದೆ. ಅದನ್ನೂ ಕಸಗಂಡ್ರಿ.”

ನಗು ಅಲ್ಲಿಗೇ ನಿಂತಿತು. ಕಾವ್ಯ ಟ್ಯಾಬ್ ಕೆಳಗಿಟ್ಟು ಹೊಸ್ತಿಲ ಮೇಲೆ ಆಕೆಯ ಪಕ್ಕ ಕೂತಳು. ಪೆಟ್ಟಿಗೆಯ ಫೋಟೋ ತೋರಿಸಿದಳು. ಆಮೇಲೆ ಸಂಪಾದನೆ ಎಷ್ಟು ಎಂದು ಕೇಳಲೇ ಇಲ್ಲ. ನಿನ್ನೆ ಎಷ್ಟು ಹೂ ತಂದಿರಿ, ಎಷ್ಟು ಉಳಿಯಿತು, ಉಳಿದದ್ದು ಏನಾಯಿತು ಎಂದು ಕೇಳಿದಳು. ಗಾಳೆಮ್ಮ ಫೋಟೋವನ್ನು ಬಹಳ ಹೊತ್ತು ನೋಡಿದಳು. ನಮಗೆಲ್ಲ ಬೆನ್ನು ಮಾಡಿ ಕೂತು, ಮೆಲ್ಲಗೆ, ಒಂದೊಂದಾಗಿ ಹೇಳಿದಳು. ಮಾನವಂತರನ್ನು ಕೇಳುವ ರೀತಿಯೇ ಬೇರೆ ಇರುತ್ತದೆ. ಕೇಳಲು ಬಂದರೆ ಉತ್ತರ ಸಿಗುತ್ತದೆ. ನಾನು ಓಣಿಯವರನ್ನೆಲ್ಲ ಮನೆಗೆ ಕಳಿಸಿದೆ.

ಪೆಟ್ಟಿಗೆ ಬಂತು. ಹಸಿರು ಬಣ್ಣದ್ದು. ಗಾಳೆಮ್ಮ ಅದಕ್ಕೆ ಕುಂಕುಮ ಹಚ್ಚಿ ಗೋಡೆಯ ಪಕ್ಕ ಇಟ್ಟಿದ್ದಾಳೆ. ಈಗ ಬೆಳಿಗ್ಗೆ ಮೊದಲ ಬಸ್ಸಿನವರಿಗೂ ಆಕೆಯ ಬುಟ್ಟಿಯಲ್ಲಿ ಹೂವಿರುತ್ತದೆ. ಆದಾಯ ಹೆಚ್ಚಿತೇ? ಸಂಶೋಧನೆ ಮುಗಿದ ಮೇಲೆ ಅವರು ಹೇಳುತ್ತಾರೆ. ಚರಂಡಿಯಲ್ಲಿ ಹೂವು ಕಾಣದೆ ಎಷ್ಟೋ ದಿನವಾಯಿತು ಎಂದು ನಾನು ಈಗಲೇ ಹೇಳಬಲ್ಲೆ. ಕಾರ್ಡುಗಳೂ ಎಲ್ಲರವೂ ಇದ್ದಲ್ಲೇ ಇವೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾವೆಲ್ಲ ಬುದ್ಧಿ ಕಲಿತೆವು ಎಂದು ಬರೆದು ಪೆನ್ನು ಮುಚ್ಚುತ್ತಿದ್ದೆ.

ಹೋದ ವಾರ ಮತ್ತೆ ಸುದ್ದಿ ಬಂತು. ಈ ಸಲ ನಿಜವಾದ ಸರ್ವೆಯಂತೆ, ಹಗರಿಬೊಮ್ಮನಹಳ್ಳಿ ಮುಗಿಸಿ ಇತ್ತ ಬರುತ್ತಿದ್ದಾರಂತೆ. ಶಶಿಕಲಾ ಬೇಡವೇ ಬೇಡ ಎಂದಳು. ಬೇಕು ಎಂದವನು ನಾನು. ಶಿವಣ್ಣನನ್ನು ಕರೆದು ಫ್ರಿಜ್ಜಿನ ಹಿಂದಿನ ತುದಿ ಹಿಡಿಸಿ, ಬೆವರು ಸುರಿಸುತ್ತ ಓಣಿಯ ಕೊನೆಗೆ ತಲುಪಿದೆ.

ಗಾಳೆಮ್ಮ ಬಾಗಿಲಲ್ಲಿ ಹೂ ಕಟ್ಟುತ್ತ ಕೂತಿದ್ದಳು. ಎದ್ದೇಳಲಿಲ್ಲ, ಬುಟ್ಟಿಯನ್ನೂ ಸರಿಸಲಿಲ್ಲ.

“ಜಾಗ ಇಲ್ರಿ ಅಣ್ಣಾರ” ಎಂದಳು. “ಈಗ ನಮ್ಮ ಮನಿಯಾಗ ನಮ್ಮ ಸಾಮಾನು ಐತಿ.”