ಮೇಣದ ಮೇಲೆ ನಿಂತವರು

ಗುಬ್ಬಿ ಬಸ್ ಸ್ಟ್ಯಾಂಡಿನಿಂದ ಹಿಡಿದು ಹಾಗಲವಾಡಿಯ ಕೊನೇ ಅಂಗಡಿಯವರೆಗೆ ಯಾವ ಬೋರ್ಡ್ ನೋಡಿದರೂ ಒಂದು ಕಾಲಕ್ಕೆ ಅದು ರಂಗಯ್ಯನ ಎಡಗೈಯಲ್ಲಿ ಬರೆದದ್ದೇ. ಆಳೆತ್ತರದ ಅಕ್ಷರ ಬರೆಯುತ್ತಿದ್ದ ಮನುಷ್ಯ. ಫ್ಲೆಕ್ಸ್ ಬಂತು, ಏಣಿ ಗೋಡೆಗೆ ಒರಗಿತು. ಈಗ ಐವತ್ತೊಂಬತ್ತನೇ ವಯಸ್ಸಿಗೆ, ಸೊಸೆಯ ದೆಸೆಯಿಂದ, ಹೆಬ್ಬೆರಳುದ್ದದ ಗೊಂಬೆಗಳಿಗೆ ಸೀರೆ ಉಡಿಸುತ್ತಾ ಕೂತಿದ್ದಾನೆ. ಯಾರ ಹಣೇಲಿ ಏನು ಬರೆದಿರುತ್ತೋ ಯಾರಿಗೆ ಗೊತ್ತು, ಹೇಳಿ.

ಸೊಸೆ ಯಶಸ್ವಿನಿ ಬಲು ಚುರುಕು. ಪ್ಲಾಸ್ಟರಿನಲ್ಲಿ ಗೊಂಬೆ ಎರಕ ಹೊಯ್ದು, ಯಾರದೋ ಮನೆಮಂದಿಯ ವಿವರ ಫೋನಿನಲ್ಲಿ ತರಿಸಿಕೊಂಡು, ಅವರವರ ಬಟ್ಟೆಬರೆಯ ಬಣ್ಣ ಬಳಿಸಿ, ಹಲಗೆಯ ಮೇಲೆ ಸಾಲಾಗಿ ಅಂಟಿಸಿ ಕಳಿಸುತ್ತಾಳೆ. ‘ಫ್ಯಾಮಿಲಿ ಸೆಟ್’ ಅಂತ ಅದರ ಹೆಸರು. ಅಚ್ಚು ಇರುವುದು ಎರಡೇ, ಒಂದು ಗಂಡು, ಒಂದು ಹೆಣ್ಣು. ಬಣ್ಣ ಬಿದ್ದ ಮೇಲೇ ಇವರು ಅತ್ತೆ, ಇವರು ಮಾವ ಅಂತ ಗೊತ್ತಾಗುವುದು.

ಮೊದಮೊದಲು ರಂಗಯ್ಯ ಗೊಂಬೆಯನ್ನು ಬೆರಳಲ್ಲೇ ಹಿಡಿದು ಬಳಿದ. ಕಣ್ಣು ಬರೆಯುವಷ್ಟರಲ್ಲಿ ಸೀರೆಯೆಲ್ಲ ಅವನ ಬೆರಳಿಗೆ ಬಂದಿರುತ್ತಿತ್ತು. ಮೂರು ದಿನ ಗೊಂಬೆಗಳಿಗೂ ತನಗೂ ಬೈದುಕೊಂಡು, ಕೊನೆಗೆ ದಾರಿ ಕಂಡುಕೊಂಡ. ನೀರಿನ ಬಾಟಲಿಯ ಮುಚ್ಚಳ ಬೋರಲು ಹಾಕಿ, ಮೇಲೆ ಮೇಣದಬತ್ತಿಯ ನಾಲ್ಕು ಹನಿ ಬೀಳಿಸಿ, ಬಿಸಿ ಆರುವ ಮೊದಲೇ ಗೊಂಬೆಯ ಪಾದ ಒತ್ತಿದರೆ ಮುಗಿಯಿತು. ಮುಚ್ಚಳ ತಿರುಗಿಸಿದರೆ ಗೊಂಬೆಯೂ ತಿರುಗುತ್ತದೆ, ಮೈ ಮುಟ್ಟುವ ಹಾಗೇ ಇಲ್ಲ. ಬಣ್ಣ ಒಣಗಿದ ಮೇಲೆ ಸಣ್ಣದೊಂದು ತಿರುವು ಕೊಟ್ಟರೆ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಯಾವ ಗೊಂಬೆ ಯಾರದು ಅಂತ ತಿಳಿಯಲು ಮುಚ್ಚಳದ ಸುತ್ತ ಕಾಗದದ ಪಟ್ಟಿ ಸುತ್ತಿ ಬರೆದಿಡುತ್ತಿದ್ದ. ಯಶಸ್ವಿನಿ ಇದನ್ನೆಲ್ಲ ವಿಡಿಯೋ ಮಾಡಿ ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದಳು. ಮುಖ ಮಾತ್ರ ತೋರಿಸಕೂಡದು ಅಂತ ರಂಗಯ್ಯನ ಕಂಡೀಷನ್ನು; ಕಾಣುತ್ತಿದ್ದದ್ದು ಸೊಟ್ಟ ಕಿರುಬೆರಳಿನ ಎಡಗೈ ಒಂದೇ.

ಶ್ರಾವಣದಲ್ಲಿ ರೂಪಶ್ರೀ ಅನ್ನುವ ಹುಡುಗಿಯಿಂದ ಆರ್ಡರ್ ಬಂತು. ಕುಣಿಗಲ್ ಕಡೆಯವಳು. ಅವಳ ಅಜ್ಜಿಗೆ ಎಪ್ಪತ್ತೈದು ತುಂಬುತ್ತದಂತೆ, ಏಳು ಗೊಂಬೆ ಬೇಕಂತೆ. ಅಜ್ಜಿ, ತಾತ, ಅಪ್ಪ, ಅಮ್ಮ, ಮಾವ, ನಾನು, ತಾತ. ರಂಗಯ್ಯ ಪಟ್ಟಿಯನ್ನು ಹಾಗೆಯೇ ಏಳು ಮುಚ್ಚಳಕ್ಕೆ ಇಳಿಸಿ, ಆಮೇಲೆ ತಲೆ ಕೆರೆದುಕೊಂಡ.

“ಏನಮ್ಮ ಇದು, ತಾತನ್ನ ಎಲ್ಡ್ ಸಲ ಬರ್ದವ್ಳೆ?”

“ಇನ್ನೊಬ್ರು ಅಪ್ಪನ ಕಡೆ ತಾತ ಇರ್ಬೇಕು ಬಿಡಿ ಮಾವ.”

“ಹಂಗಾರೆ ಆ ಕಡೆ ಅಜ್ಜಿ ಎಲ್ಲೋದ್ಲು?”

ಯಶಸ್ವಿನಿ ವಿವರವನ್ನು ಮತ್ತೊಮ್ಮೆ ಓದಿದಳು. ಒಬ್ಬ ತಾತನಿಗೆ ಬಿಳಿ ಪಂಚೆ. ಇನ್ನೊಬ್ಬನಿಗೆ ನೀಲಿ ಲುಂಗಿ, ಕಿವಿಯ ಮೇಲೆ ಸಿಕ್ಕಿಸಿದ ಪೇಂಟ್ ಬ್ರಷ್. ಫೋಟೋ ಇಲ್ಲ, ಮುಖ ಹೇಗಿದ್ದರೂ ನಡೆಯುತ್ತದಂತೆ. ಯಾವ ತಾತ ಅಜ್ಜಿಯ ಪಕ್ಕಕ್ಕೆ, ಯಾವ ತಾತ ಸಾಲಿನ ಕೊನೆಗೆ? ತಲೆಬುಡ ಅರ್ಥವಾಗಲಿಲ್ಲ. ರಂಗಯ್ಯನ ಕಿವಿಯ ಮೇಲೂ ಬ್ರಷ್ ಇದ್ದದ್ದು ಕಂಡು ಯಶಸ್ವಿನಿ ನಕ್ಕಳು. “ನಿಮ್ಮಂಗೇ ಅವ್ರೆ ನೋಡಿ” ಅಂದಳು.

“ಪೇಂಟ್ರುಗಳೆಲ್ಲ ಹಂಗೇ ಕಣಮ್ಮ. ಕೇಳು ಆ ಹುಡುಗೀನ, ಸುಮ್ನೆ ನನ್ ತಲೆ ತಿನ್ಬೇಡ.”

ಮಧ್ಯಾಹ್ನ ವಾಯ್ಸ್ ಮೆಸೇಜ್ ಬಂತು. “ಅಕ್ಕ, ಪಂಚೆಯೋರು ನಮ್ಮಜ್ಜಿ ಗಂಡ. ಲುಂಗಿಯೋರು ಅಜ್ಜಿ ತಮ್ಮ, ಅವ್ರನ್ನೂ ತಾತ ಅಂತೀವಲ್ಲ. ನಾನಂತೂ ನೋಡೇ ಇಲ್ಲ. ಗುಬ್ಬೀಲಿ ಬೋರ್ಡ್ ಬರೀತಿದ್ರಂತೆ. ಅಡ್ರೆಸ್ ಹಾಕಿದೀನಿ, ಹುಲಿಯೂರುದುರ್ಗ.”

“ಮಾವ, ಗುಬ್ಬಿಯೋರಂತೆ! ನಿಮ್ಗೆ ಗೊತ್ತಿರ್ಬೇಕಲ್ವಾ?”

ಗೊತ್ತಿಲ್ಲದೆ ಏನು! ಆ ಲುಂಗಿಯವನು ರಂಗಯ್ಯನೇ. ಅಮ್ಮ ಸತ್ತಾಗ ಅವನಿಗೆ ಮೂರು ವರ್ಷ. ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ ರಂಗಲಕ್ಷ್ಮಮ್ಮ. ಮದುವೆಯಾಗಿ ಹುಲಿಯೂರುದುರ್ಗಕ್ಕೆ ಹೋಗುವಾಗಲೂ ತಮ್ಮನನ್ನು ಜೊತೆಗೇ ಕರೆದುಕೊಂಡು ಹೋಗಿದ್ದಳು. ಅಂಥ ಅಕ್ಕ ತನ್ನ ಮಗಳು ಅರುಣಾಳನ್ನು ಇವನಿಗೆ ಕೊಡುತ್ತೇನೆ ಅಂದಳು. ಅಕ್ಕನ ಮಗಳನ್ನು ತರುವುದು ನಮ್ಮಲ್ಲಿ ಊರೆಲ್ಲ ಇರುವ ಪದ್ಧತಿಯೇ. ಆದರೆ ತೊಟ್ಟಿಲು ತೂಗಿದ ಕೂಸಿಗೆ ತಾಳಿ ಕಟ್ಟಲು ರಂಗಯ್ಯನಿಗೆ ಮನಸ್ಸು ಒಪ್ಪಲಿಲ್ಲ. ಒಲ್ಲೆ ಅಂದ. ಅದನ್ನಾದರೂ ಅಕ್ಕನ ಹತ್ತಿರ ಕೂತು ಹೇಳಬಾರದಿತ್ತೇ? ನೆಂಟರ ಬಾಯಲ್ಲಿ ಹೇಳಿಕಳಿಸಿದ, ಮಹಾರಾಯ. “ನನ್ ಹೊಸ್ತ್ಲು ತುಳೀಬೇಡ” ಅಂತ ಅವಳೂ ಹೇಳಿಕಳಿಸಿದಳು. ಮೂವತ್ತು ವರ್ಷವಾಯಿತು. ಈ ಮನೆಯಲ್ಲಿ ಅವಳ ಹೆಸರೆತ್ತಿದವರಿಲ್ಲ.

ಹಾಗಿದ್ದರೆ ಈ ಗೊಂಬೆ ಯಾಕೆ? ಬಳಿಯುವವನು ಯಾರು ಅಂತ ಅವಳಿಗೆ ಗೊತ್ತೋ ಇಲ್ಲವೋ? ಗೊತ್ತಿದ್ದೂ ಅಣಕಿಸುತ್ತಿದ್ದಾಳೋ? ರಂಗಯ್ಯ ಮುಚ್ಚಳವನ್ನು ಆ ಕಡೆ ಈ ಕಡೆ ತಿರುಗಿಸಿದ. ತನ್ನ ಮುಖ ತಾನೇ ಬರೆಯಬೇಕು. ಮೀಸೆ ಕರಿಯದೋ ಬಿಳಿಯದೋ? ಅವಳು ಕಂಡಿದ್ದು ಕರಿ ಮೀಸೆ. ಕರಿ ಬಳಿದ, ಒರೆಸಿದ, ಬಿಳಿ ಬಳಿದ, ಅದನ್ನೂ ಒರೆಸಿದ. ಸಂಜೆಯಾದರೂ ಆ ಗೊಂಬೆಗೆ ಮೀಸೆಯೇ ಮೂಡಲಿಲ್ಲ.

ಮರುದಿನ ಇನ್ನೊಂದು ಮೆಸೇಜ್. “ಅಕ್ಕ, ಅಜ್ಜಿ ನಿಮ್ಮ ವಿಡಿಯೋನ ದಿನಾ ಇಪ್ಪತ್ ಸಲ ನೋಡ್ತಾರೆ. ಏನೋ ಹೇಳ್ಬೇಕಂತೆ, ನಂಗೊಂದೂ ಅರ್ಥ ಆಗ್ಲಿಲ್ಲ, ನೀವೇ ಕೇಳಿ.” ಆಮೇಲೆ ಒಂದು ಕೆಮ್ಮು, ಆ ಕೆಮ್ಮಿನ ಹಿಂದೆಯೇ ಆ ದನಿ. “ಮುಖ ಮುಚ್ಕಂಡ್ರೆ ಕೈ ಗೊತ್ತಾಗಕಿಲ್ವೇನ್ಲಾ? ಆ ಸೊಟ್ಟ ಕಿರುಬೆರ್ಳು ಬಾಗ್ಲಿಗೆ ಸಿಕ್ಸ್ದೋಳು ನಾನೇ ಕಣ್ಲಾ. ಎಲ್ರುನ್ನೂ ಹಲ್ಗೆಗೆ ಅಂಟ್ಸಿ ಕಳ್ಸು. ಅವನೊಬ್ಬನ್ನ ಬುಡು, ಮೇಣದ್ ಮ್ಯಾಲೇ ಇರ್ಲಿ. ಬಂದ್ರೆ ನಾನೇ ಅಂಟಿಸ್ತೀನಿ. ಬರ್ಲಿಲ್ಲ ಅಂದ್ರೆ ಕಿತ್ ಬಿಸಾಕ್ತೀನಿ.”

ಯಶಸ್ವಿನಿ ಕಕ್ಕಾಬಿಕ್ಕಿಯಾಗಿ ಮಾವನ ಮುಖ ನೋಡಿದಳು. ಮಾವ ಅಳುತ್ತಿದ್ದ.

ಇದು ಕರೆಯೋ, ಬೈಗುಳವೋ? ಹೋದರೆ ಹೊಸ್ತಿಲಲ್ಲೇ ನಿಲ್ಲಿಸಿ ಉಗಿದರೆ? ಹೋಗದಿದ್ದರೆ? ಎರಡು ದಿನ ರಂಗಯ್ಯ ಅನ್ನ ಕಲಸಿ ಕೈ ತೊಳೆದ. ಕೊನೆಗೆ ಹೆಂಡತಿ ಪುಟ್ಟತಾಯಮ್ಮನಿಗೇ ರೇಗಿತು. “ಮೂವತ್ ವರ್ಸ ಆದ್ಮ್ಯಾಕೆ ಬೈತಾವ್ರೆ ಅಂದ್ರೆ ಕರೀತಾವ್ರೆ ಅಂತಾನೆ. ಇದೂ ನಾನೇ ಹೇಳ್ಬೇಕಾ? ಹೋಗ್ಬನ್ನಿ.”

ಭಾನುವಾರ ತುಮಕೂರಿನಲ್ಲಿ ಬಸ್ಸು ಬದಲಿಸಿ, ಕುಣಿಗಲ್ಲಿನಲ್ಲಿ ಮತ್ತೆ ಬದಲಿಸಿ, ತೊಡೆಯ ಮೇಲಿನ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಂಗಯ್ಯ ಹುಲಿಯೂರುದುರ್ಗದಲ್ಲಿ ಇಳಿದ. ಅಕ್ಕನ ಮನೆ ಮುಂದೆ ಹೊಸ್ತಿಲಿನ ಈಚೆಗೇ ನಿಂತ. ಬಾಗಿಲಿಗೆ ಬಂದವಳು ಅರುಣಾ, ರೂಪಶ್ರೀಯ ಅಮ್ಮ. ಅವಳ ಕಿವಿಯ ಹತ್ತಿರವೂ ನರೆ. “ಬನ್ನಿ ಮಾವ, ನೀರು ತಗೊಳ್ಳಿ” ಅಂತ ಚೊಂಬು ಕೊಟ್ಟಳು. ಎಷ್ಟು ಸಲೀಸಾಗಿ ಮಾವ ಅಂದುಬಿಟ್ಟಳಲ್ಲ ಅಂತ ರಂಗಯ್ಯನಿಗೆ ಮತ್ತೆ ಗೊಂದಲ.

ಅಕ್ಕ ಗೋಡೆಗೊರಗಿ ಕೂತಿದ್ದಳು. ಅರ್ಧದಷ್ಟಾಗಿದ್ದಳು. ಬಾ ಅನ್ನಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಡಬ್ಬ ಬಿಚ್ಚಿಸಿ, ಹಲಗೆಯ ಮೇಲಿನ ಆರು ಜನರನ್ನು ಒಬ್ಬೊಬ್ಬರನ್ನಾಗಿ ಬೆರಳಿಟ್ಟು ನೋಡಿದಳು. ಆಮೇಲೆ ಮುಚ್ಚಳದ ಮೇಲಿದ್ದವನನ್ನು ಎತ್ತಿಕೊಂಡಳು.

“ಮೀಸೆ ಎಲ್ಲೋ?”

“ಯಾವ್ ಬಣ್ಣ ಅಂತ ಗೊತ್ತಾಗ್ಲಿಲ್ಲಕ್ಕ.”

ಅಕ್ಕ ಆಗ ತಲೆಯೆತ್ತಿ ಅವನ ಮೀಸೆ ನೋಡಿದಳು. ಆಮೇಲೆ ಗೊಂಬೆಯನ್ನು ಮೇಣದಿಂದ ಬಿಡಿಸಿ, ಪಾದ ಉಗುರಿನಲ್ಲಿ ಕೆರೆದು, ಮೊಮ್ಮಗಳ ಕೈಯಿಂದ ಫೆವಿಕಾಲ್ ಈಸಿಕೊಂಡು, ತನ್ನ ಗೊಂಬೆಯ ಪಕ್ಕಕ್ಕೇ ನಿಲ್ಲಿಸಿ ಹೆಬ್ಬೆರಳಲ್ಲಿ ಒತ್ತಿ ಹಿಡಿದಳು. ರಂಗಯ್ಯ ಅವಳ ಮಣಿಕಟ್ಟು ಹಿಡಿದುಕೊಂಡ.

“ಎಷ್ಟೊತ್ತು ಬೇಕ್ಲಾ ಇದು ಒಣಗಾಕೆ?”

“ಗಟ್ಟಿಯಾಗಿ ಹಿಡೀಬೇಕಂದ್ರೆ ಒಂದಿನ ಬೇಕಕ್ಕ.”

“ಹಂಗಾರೆ ನಾಳೆ ಹೋಗೀವಂತೆ. ಅಲ್ಲೀಗಂಟ ಎದ್ದೋಗ್ಬೇಡ, ಕೂತ್ಕೊ.”