ತಾಮ್ರಬಣ್ಣದ ಮೂಗು

ಓಲೀಟಾ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಅವರ ನಾಯಿಯ ಮೂಗನ್ನು. ಮನೆಯವರ ಮುಖ ನೋಡುವುದು ಆಮೇಲೆ. ಪೂರ್ವ ಟೆಕ್ಸಸ್‌ನಲ್ಲಿ ನೇಚಿಸ್ ನದಿಯ ಮಗ್ಗುಲಿಗಿದ್ದ ಆ ಪೈನ್ ಕಾಡಿನ ಊರಿಗೆಲ್ಲ ಇದು ಗೊತ್ತಿದ್ದ ಸಂಗತಿ. ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಕಾಳು ಬೇಯಿಸಿ, ಮೆಕ್ಕೆಜೋಳದ ರೊಟ್ಟಿ ಸುಟ್ಟು ಅವಳು ಮನೆಗೆ ಹೊರಟರೆ ಮರ ಕೊಯ್ಯುವ ಸಾಮಿಲ್ಲಿನ ಮುಂದೆ ಕೂತ ಗಂಡಸರು ಕೆಣಕುತ್ತಿದ್ದರು.

"ಬಂದ್ರು ನೋಡ್ರಪ್ಪ, ಮೂಗಿನ ಇನ್‌ಸ್ಪೆಕ್ಟರ್ರು!"

"ನಿಂದೂ ತೋರ್ಸು ಇಲ್ಲಿ. ಕುಡಿದು ಕುಡಿದು ಕೆಂಪಗಾಗಿದ್ಯೋ ಏನೋ," ಎಂದು ಅವಳು ನಿಲ್ಲದೆ ಹೋಗುತ್ತಿದ್ದಳು.

ಅವಳು ಹುಡುಕುತ್ತಿದ್ದದ್ದು ಒಂದು ಬಣ್ಣವನ್ನು. ಹೊಸ ತಾಮ್ರದ ನಾಣ್ಯದ ಬಣ್ಣದ ಮೂಗು, ಅದೇ ಬಣ್ಣದ ಮೈ, ಜೇನಿನಂಥ ಕಣ್ಣು. ಅವಳ ಮುತ್ತಜ್ಜ ಐರ್ಲೆಂಡಿನಿಂದ ಹಡಗಿನಲ್ಲಿ ಕೋಟಿನೊಳಗಿಟ್ಟು ತಂದ ಮೊದಲನೆಯ ಪಿಟ್ ಬುಲ್ ನಾಯಿ ಹಾಗೇ ಇತ್ತಂತೆ. ಅಜ್ಜಿ ಹೇಳುತ್ತಿದ್ದಳು. ಆ ಬಣ್ಣ ಹಟಮಾರಿ. ತಾಯಿ ತಂದೆ ಎರಡೂ ಕಪ್ಪು ಮೂಗಿನವಾದರೂ ರಕ್ತದೊಳಗೆ ಎರಡು ಮೂರು ತಲೆಮಾರು ಅಡಗಿಕೊಂಡಿದ್ದು, ಎರಡೂ ಕಡೆಯಿಂದ ಕೂಡಿ ಬಂದಾಗ ಮಾತ್ರ ಒಂದು ಮರಿಯಲ್ಲಿ ತಲೆ ಎತ್ತುತ್ತದೆ.

ಆದರೆ ಆ ನಾಯಿಯ ಸಂತತಿಯ ಸಾಲನ್ನೇ ಹಂದಿ ಬೇಟೆಗೆಂದು ಸಾಕುತ್ತಿದ್ದ ಅವಳ ಅಪ್ಪ ಆರ್ವಿಲ್‌ಗೆ ಆ ಬಣ್ಣವೆಂದರೆ ಆಗುತ್ತಿರಲಿಲ್ಲ. ಕೆಂಪು ಮೂಗೆಂದರೆ ತೆಳು ರಕ್ತ, ಕಾಡುಹಂದಿಯ ಎದುರು ನಿಲ್ಲುವ ನಾಯಿ ಅದಲ್ಲ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಅದನ್ನು ಯಾರು ತುಂಬಿದರೋ, ದೇವರಿಗೇ ಗೊತ್ತು. ಮರಿಗಳೆಲ್ಲ ಹುಟ್ಟುವಾಗ ಮೂಗು ಗುಲಾಬಿಯೇ. ಎರಡು ಮೂರು ವಾರದಲ್ಲಿ ಕಪ್ಪಾಗುತ್ತದೆ. ಅದಕ್ಕೇ ಅಪ್ಪ ಮೂರನೆಯ ಭಾನುವಾರದವರೆಗೆ ಕಾಯುತ್ತಿದ್ದ. ಚರ್ಚಿನಿಂದ ಬಂದವನು ಬಿಳಿ ಅಂಗಿಯಲ್ಲೇ ಜಗಲಿಯಲ್ಲಿ ಕೂತು, ಪಕ್ಕದಲ್ಲೊಂದು ಬಕೆಟ್ ನೀರಿಟ್ಟುಕೊಂಡು, ಒಂದೊಂದೇ ಮರಿಯನ್ನು ಎತ್ತಿ ನೋಡುತ್ತಿದ್ದ. ಕಪ್ಪಾಗದ ಮೂಗು ಬಕೆಟ್ಟಿಗೆ. "ನಮ್ಮ ಸಾಲಿನಲ್ಲಿ ಕೆಂಪು ಹುಟ್ಟೋದೇ ಇಲ್ಲ" ಎಂದು ಊರಿಡೀ ಹೇಳಿಕೊಳ್ಳುತ್ತಿದ್ದವನ ಗುಟ್ಟು ಇಷ್ಟೇ.

ಓಲೀಟಾಗೆ ಹತ್ತು ವರ್ಷವಾಗಿದ್ದಾಗ ಅಂಥದೊಂದು ಹೆಣ್ಣುಮರಿ ಹುಟ್ಟಿತು. ಅವಳು ಅದಕ್ಕೆ ಪೆನ್ನಿ, ಅಂದರೆ ತಾಮ್ರದ ಕಾಸು, ಎಂದು ಹೆಸರಿಟ್ಟಳು. ಒಲೆಯ ಮಸಿಗೆ ಹಂದಿಕೊಬ್ಬು ಕಲಸಿ ದಿನಕ್ಕೆರಡು ಸಲ ಅದರ ಮೂಗಿಗೆ ಹಚ್ಚಿದಳು. ತಾಯಿನಾಯಿಯ ಹೊಟ್ಟೆಯ ಮೇಲೆಲ್ಲ ಕಪ್ಪು ಗುರುತು ಮೂಡುತ್ತಿತ್ತು, ಅದನ್ನೂ ಒರೆಸಿದಳು. ಮೂರನೆಯ ಭಾನುವಾರ ಅಪ್ಪ ಪೆನ್ನಿಯನ್ನು ಎತ್ತಿ ನೋಡಿ, "ಕಪ್ಪು" ಎಂದು ಕೆಳಗಿಟ್ಟ. ಬದುಕಿನಲ್ಲಿ ಅಷ್ಟು ಸಂತೋಷ ಅವಳಿಗೆ ಮತ್ತೆಂದೂ ಆಗಲಿಲ್ಲ, ಮದುವೆಯ ದಿನವೂ.

ಮೂಗಿಗೆ ಮಸಿ ಹಚ್ಚಬಹುದು, ಕಣ್ಣಿಗೆ ಏನು ಹಚ್ಚುವುದು? ಏಳನೆಯ ವಾರಕ್ಕೆ ಪೆನ್ನಿಯ ನೀಲಿಗಣ್ಣು ತಿಳಿಯಾಗುತ್ತಾ ಜೇನಿನ ಬಣ್ಣಕ್ಕೆ ತಿರುಗಿತು. ಒಂದು ದಿನ ಅವಳು ಶಾಲೆಯಿಂದ ಬಂದಾಗ ಮರಿ ಇರಲಿಲ್ಲ. ಅಪ್ಪ ನದಿಯ ಕಡೆ ಹೋಗಿದ್ದನೆಂದು ಅವ್ವ ಹೇಳಿದಳು, ಅಷ್ಟೆ. ಅದು 1930ನೇ ಇಸವಿ. ಆಮೇಲೆ ಓಲೀಟಾಗೆ ಮದುವೆಯಾಯಿತು, ಗಂಡ ಸತ್ತ, ಮಕ್ಕಳಾಗಲಿಲ್ಲ. ಆ ಬಣ್ಣ ಮಾತ್ರ ಕಣ್ಣಿಂದ ಹೋಗಲಿಲ್ಲ. ದೂರದ ಊರುಗಳಿಗೂ ಬಸ್ಸು ಹತ್ತಿ ಹೋಗಿ ಕೆಂಪು ಮೂಗಿನ ನಾಯಿ ನೋಡಿ ಬಂದಳು. ಚೆನ್ನಾಗಿದ್ದವು, ಆದರೆ ಯಾವುದೂ ತನ್ನ ಮನೆಯದಲ್ಲ. ಅವಳಿಗೆ ಬೇಕಾದದ್ದು ಪೆನ್ನಿಯ ರಕ್ತದ್ದೇ.

ನಲವತ್ತೊಂದು ವರ್ಷ ಕಳೆದ ಮೇಲೆ ಅಣ್ಣ ಬರ್ಲ್‌ನ ಮನೆಯಲ್ಲಿ ಡಾಲಿ ಮರಿ ಹಾಕಿತು. ಅಪ್ಪನ ಸಾಲಿನ ಕೊನೆಯ ಹೆಣ್ಣುನಾಯಿ ಅದು. ವಯಸ್ಸಾಗಿತ್ತು, ಇನ್ನು ಮರಿ ಹಾಕುವಂತಿರಲಿಲ್ಲ. ಅಪ್ಪನೂ ಬರ್ಲ್‌ನ ಜೊತೆಗೇ ಇದ್ದ. ಎಂಬತ್ತಾರು ವರ್ಷ, ಕಣ್ಣು ಮಂಜು, ಹಟ ಮಾತ್ರ ಮೊದಲಿನಷ್ಟೇ ಗಟ್ಟಿ. ಜಗಲಿ, ಬಿಳಿ ಅಂಗಿ, ಬಕೆಟ್, ಯಾವುದೂ ಬದಲಾಗಿರಲಿಲ್ಲ.

ಏಳು ಮರಿ. ಓಲೀಟಾ ದಿನಾ ಕೆಲಸಕ್ಕೆ ಮುಂಚೆ ಬಂದು ನೋಡಿದಳು. ಎರಡು ವಾರಕ್ಕೆ ಆರು ಮೂಗು ಕಪ್ಪಾದವು. ಒಂದು ಆಗಲಿಲ್ಲ. ಅವಳು ಆ ಮರಿಯನ್ನು ಕೆನ್ನೆಗೆ ಒತ್ತಿಕೊಂಡು ತುಂಬಾ ಹೊತ್ತು ಕೂತಿದ್ದಳು.

"ಬರ್ಲ್, ಇದನ್ನ ನಂಗೆ ಕೊಟ್ಬಿಡೋ."

"ಅಪ್ಪ ನೋಡ್ಲಿ ಕಣೆ. ಎಣಿಸಿಟ್ಕೊಂಡಿದಾನೆ. ಒಂದು ಕಮ್ಮಿಯಾದ್ರೆ ಮನೆ ತಲೆ ಮೇಲೆ ತಗೋತಾನೆ."

"ಅರವತ್ತರ ಹತ್ರ ಬಂದೆ, ಇನ್ನೂ ಅಪ್ಪನ್ನ ಕಂಡ್ರೆ ನಡುಗ್ತೀಯ!"

"ನೀನು ನಡುಗಲ್ವಾ?" ಎಂದ ಬರ್ಲ್. ಅವಳು ಮರಿಯನ್ನು ಡಾಲಿಯ ಮಗ್ಗುಲಿಗೆ ವಾಪಸ್ಸಿಟ್ಟಳು.

ಈ ಸಲ ಮಸಿ ಬೇಡ, ಅಪ್ಪನ ಮುಖಕ್ಕೇ ಹೇಳಿಬಿಡುತ್ತೇನೆ ಎಂದು ಅವಳು ನಿಶ್ಚಯಿಸಿದಳು. ಶನಿವಾರವೆಲ್ಲ ಪಾತ್ರೆ ತಿಕ್ಕುತ್ತಾ ಮಾತು ಜೋಡಿಸಿಕೊಂಡಳು. ಆದರೆ ಭಾನುವಾರ ಅವಳು ಹೋಗುವ ಚರ್ಚಿನ ಪಾದ್ರಿಯ ಉಪದೇಶ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಅವಳು ಏದುಸಿರು ಬಿಡುತ್ತಾ ಜಗಲಿ ಹತ್ತುವಾಗ ಅಪ್ಪನ ಕೈಯಲ್ಲಿ ಏಳನೆಯ ಮರಿ ಇತ್ತು. ಅದೇ ಮರಿ. ಅವನು ಅದನ್ನು ಬೆಳಕಿಗೆ ಹಿಡಿದು, ಮುಖದ ಹತ್ತಿರ ತಂದು, ತುಂಬಾ ಹೊತ್ತು ನೋಡಿದ.

"ಕಪ್ಪು," ಎಂದು ಕೆಳಗಿಟ್ಟ. "ನಮ್ಮ ಸಾಲಿನಲ್ಲಿ ಕೆಂಪು ಹುಟ್ಟೋದೇ ಇಲ್ಲ." ಕೋಲೂರಿಕೊಂಡು ಊಟಕ್ಕೆ ಒಳಗೆ ಹೋದ.

ಓಲೀಟಾ ಬಗ್ಗಿ ನೋಡಿದಳು. ಏಳೂ ಕಪ್ಪೇ. ತಡವಾಗಿ ಕಪ್ಪಾಗುವ ಮರಿಗಳೂ ಇರುತ್ತವೆ, ಅವಳಿಗೆ ಗೊತ್ತಿತ್ತು. ಮರಿ ಉಳಿಯಿತಲ್ಲ ಎಂದು ಖುಷಿಪಡಬೇಕಾದವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಇನ್ನು ಡಾಲಿ ಮರಿ ಹಾಕುವುದಿಲ್ಲ, ಈ ಮರಿಗಳ ಮರಿಗಳಲ್ಲಿ ಅದು ಯಾವಾಗ ತಲೆ ಎತ್ತುತ್ತದೋ. ಮುತ್ತಜ್ಜನ ಕೋಟಿನೊಳಗೆ ಬಂದ ಬಣ್ಣವನ್ನು ತಾನು ಇನ್ನೊಮ್ಮೆ ನೋಡದೆಯೇ ಸಾಯುತ್ತೇನೆ ಅನ್ನಿಸಿ ಅವಳಿಗೆ ಅಳು ಬಂತು.

ಬರ್ಲ್ ಅಗಲ ತಟ್ಟೆಯಲ್ಲಿ ಹಾಲು ತಂದಿಟ್ಟ. ಮರಿಗಳು ಬಿದ್ದು ಎದ್ದು ಬಂದು ಮುಖ ಅದ್ದಿದವು. ಹಾಲಿನ ಮೇಲೆ ಒಂದು ಕಪ್ಪು ಗೆರೆ ತೇಲಿತು. ಆ ಮರಿ ತಲೆ ಎತ್ತಿದಾಗ ಅದರ ಅರ್ಧ ಮೂಗು ಕೆಂಪಗಿತ್ತು.

ಓಲೀಟಾ ಅಣ್ಣನ ಕಡೆ ತಿರುಗಿದಳು. ಅವನು ಕೈ ಹಿಂದಕ್ಕೆ ಕಟ್ಟಿಕೊಂಡಿದ್ದ. ಅವಳು ಎಳೆದು ನೋಡಿದಳು. ಉಗುರಿನ ಸಂದಿಯಲ್ಲೆಲ್ಲ ಮಸಿ.

"ಅಪ್ಪನ ಅಂಗಿ ತೋಳಿಗೂ ಒಂಚೂರು ಹತ್ತಿದೆ," ಎಂದ ಬರ್ಲ್. "ಅವನು ನೋಡೋದ್ರೊಳಗೆ ಒಗೀಬೇಕು."

"ಮಸಿ ವಿಷಯ ನಿಂಗೆ ಹೇಗೋ ಗೊತ್ತು? ನಾನು ಯಾರ್ಗೂ ಹೇಳಿರ್ಲಿಲ್ಲ."

"ಆಗೆಲ್ಲ ನೀನು ಒಲೆ ಹಿಂದೆ ಕೂತು ಹಚ್ತಿದ್ದದ್ದು ದಿನಾ ನೋಡ್ತಿದ್ದೆ." ಅವನು ಅವಳ ಮುಖ ನೋಡದೆ ಮುಂದುವರಿಸಿದ. "ಅಪ್ಪಂಗೆ ಪೆನ್ನಿ ಕಣ್ಣಿನ ಬಣ್ಣ ಹೇಳ್ದವನು ನಾನೇ, ಓಲೀ. ನನ್ನೂ ಹಂದಿ ಬೇಟೆಗೆ ಕರ್ಕೊಂಡು ಹೋಗ್ಲಿ ಅಂತ. ಆಗ ಹದಿನಾರು ವರ್ಷ ನಂಗೆ."

ಅವಳು ಅವನ ಕೈ ಬಿಟ್ಟಳು. ಒಳಗೆ ಅಪ್ಪ ತಟ್ಟೆಗೆ ಚಮಚ ಬಡಿದು ಊಟಕ್ಕೆ ಕೂಗುತ್ತಿದ್ದ.

"ನದಿಗೆ ನೀನೂ ಹೋಗಿದ್ಯಾ?"

"ನನ್ನ ಕೈಲೇ ಹೊರಿಸಿದ."

"ಅತ್ತಿತ್ತಾ ಅದು?"

"ಇಲ್ಲ," ಎಂದ ಬರ್ಲ್. "ದಾರಿಯುದ್ದಕ್ಕೂ ನನ್ನ ಕೋಟಿನೊಳಗೆ ನಿದ್ದೆ ಮಾಡ್ತಿತ್ತು."

ಓಲೀಟಾ ಮರಿಯನ್ನು ಮಡಿಲಿಗೆ ಎತ್ತಿಕೊಂಡಳು. ಅಣ್ಣನ ಕಡೆ ನೋಡಲಿಲ್ಲ, ಎದ್ದು ಹೋಗಲೂ ಇಲ್ಲ. ಲಂಗದ ಅಂಚನ್ನು ಹಾಲಿನಲ್ಲಿ ಅದ್ದಿ, ಉಳಿದ ಮಸಿ ಹೋಗುವವರೆಗೂ ಆ ಪುಟ್ಟ ಮೂಗನ್ನು ಮೆಲ್ಲಗೆ ಒರೆಸುತ್ತಾ ಕೂತಳು.