ಪಾಕ ನೋಡುವ ಹಲ್ಲು

ಆ ಪೆಪ್ಪರ್‌ಮಿಂಟ್ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಭಾವ ಎಂದೇ ಕರೆಯುತ್ತಿದ್ದರು. ಮಾಲೀಕನ ಅಕ್ಕನ ಗಂಡ. ಮಾಲೀಕನಿಗೆ ಭಾವನಾಗಿದ್ದು ನ್ಯಾಯ. ಆದರೆ ಕಾಗದ ಸುತ್ತುವ ಮೇಜಿನ ಮುದುಕಿಯರೂ, ಸಕ್ಕರೆ ಮೂಟೆ ಇಳಿಸುವ ಹಮಾಲರೂ ಹಾಗೇ ಕರೆದು ಕರೆದು ಅವನು ಊರಿಗೆಲ್ಲ ಭಾವನಾಗಿ ಕೂತಿದ್ದ. ಗೌರವ ಬಿಟ್ಟಿ ಸಿಕ್ಕಿದರೆ ಯಾರು ಬೇಡ ಅಂತಾರೆ? ಸಂಬಳ ಮಾತ್ರ ಭಾವನದಾಗಿರಲಿಲ್ಲ, ಆಳಿನದೇ ಆಗಿತ್ತು.

ಅವನ ಕೈಗೆ ಬಾಣಲೆ ಕೊಟ್ಟವನು ಈಗಿನ ಮಾಲೀಕನ ಅಪ್ಪ. ಬಾಣಲೆಯ ಕಾವು ತಾಳಿದವನು ತನ್ನ ಮಗಳ ಕಾವನ್ನೂ ತಾಳಿಯಾನು ಎಂದು ಅಂದಾಜು ಮಾಡಿ ಮಗಳನ್ನೂ ಕೊಟ್ಟ. ಮುದುಕ ಹೋದ ಮೇಲೆ ಆ ಕುರ್ಚಿಯಲ್ಲಿ ಭಾವಮೈದ ಕೂತ. ಹೆಗಲ ಮೇಲೆ ಹೊತ್ತು ತಿರುಗಿಸಿದ್ದ ಹುಡುಗನ ಮುಂದೆ ಕೈಕಟ್ಟಿ ನಿಲ್ಲುವುದು ಭಾವನ ಜೀವಕ್ಕೆ ಒಗ್ಗಲಿಲ್ಲ. ಅದಕ್ಕೇ ಎದುರಿಗೆ ಸಿಕ್ಕಾಗಲೆಲ್ಲ ‘ಧಣಿಗಳೇ’ ಎನ್ನುತ್ತಿದ್ದ. ಆ ಒಂದು ಮಾತಿನೊಳಗೆ ಒಂದು ಬುಟ್ಟಿ ಬೈಗುಳ ತುಂಬಿರುತ್ತಿತ್ತು. ಧಣಿಗೂ ಅದು ತಿಳಿಯುತ್ತಿತ್ತು. ಆದರೂ ಓಡಿಸಿರಲಿಲ್ಲ, ಏಕೆಂದರೆ ಪಾಕವನ್ನು ಯಾವ ಗಳಿಗೆಗೆ ಇಳಿಸಬೇಕೆಂಬುದು ಭಾವನ ಹಲ್ಲಿಗೆ ಗೊತ್ತಿತ್ತು.

ಕುದಿಯುವ ಪಾಕದಲ್ಲಿ ಕಡ್ಡಿ ಅದ್ದಿ, ತಣ್ಣೀರಿನ ಬೋಗುಣಿಯಲ್ಲಿ ಮುಳುಗಿಸಿ, ಗಟ್ಟಿಯಾದ ಉಂಡೆಯನ್ನು ಕಿತ್ತು ದವಡೆಗೆ ಒಗೆಯುವುದು ಅವನ ಪದ್ಧತಿ. ಹಲ್ಲಿಗೆ ಅಂಟಿದರೆ ಇನ್ನೂ ಬೇಯಬೇಕು. ಟಕ್ಕೆಂದು ಗಾಜಿನಂತೆ ಒಡೆದರೆ ಇಳಿಸಬೇಕು. ಅವಸರ ಮಾಡಿದರೆ ಸರಕು ಕಾಗದಕ್ಕೆ ಅಂಟಿಕೊಂಡು ಅಂಗಡಿಗಳಿಂದ ವಾಪಸು ಬರುತ್ತದೆ; ಉದಾಸೀನ ಮಾಡಿದರೆ ಸೀದು ಕಹಿಯಾಗುತ್ತದೆ. ಒಂದು ಬಾಣಲೆ ಇಳಿಯುವಷ್ಟರಲ್ಲಿ ಎಷ್ಟೋ ಉಂಡೆ ದವಡೆ ಸೇರುತ್ತಿದ್ದವು. ಬಾಣಲೆಯ ಹಿಂದೆ ಬಾಣಲೆ, ಸಂಜೆಯವರೆಗೂ ಅದೇ ಕಥೆ.

ಹೀಗಿರುವಾಗ ಬಲಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿತು. ಸಣ್ಣ ಗಾಯ, ಆದರೆ ಮಾಯುವ ಲಕ್ಷಣವೇ ಕಾಣಲಿಲ್ಲ. ರಕ್ತದಲ್ಲಿನ ಸಕ್ಕರೆ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಗಟ್ಟಿಮುಟ್ಟಾಗಿರೋರಿಗೇ ದಿನಕ್ಕೆ ಐದಾರು ಚಮಚದ ಮೇಲೆ ಸಕ್ಕರೆ ಬೇಡ ಅಂತೀವಿ. ನಿಮಗೆ ಅದೂ ಇಲ್ಲ. ಮಾತ್ರೆ ತಪ್ಪಿಸಬೇಡಿ. ಹೀಗೇ ಇದ್ರೆ ಬೆರಳು ತೆಗೀಬೇಕಾಗುತ್ತೆ, ನೋಡಿ.”

ಹೆಂಡತಿ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುವವಳು. ಸೂಜಿಯಷ್ಟೇ ನೇರ, ಸೂಜಿಯಷ್ಟೇ ಚೂಪು. ಅಂದೇ ಮನೆಯ ಸಕ್ಕರೆ ಡಬ್ಬಿಯನ್ನು ಪಕ್ಕದ ಮನೆಗೆ ದಾಟಿಸಿದಳು. ಭಾವ ಸಪ್ಪೆ ಚಹಾವನ್ನು ಒಂದು ಗುಟುಕು ಕುಡಿದು, ಉಳಿದದ್ದನ್ನು ಅವಳಿಗೆ ಕಾಣುವ ಹಾಗೆ ಬಚ್ಚಲಿಗೆ ಸುರಿದ. ಮರುದಿನ ಅವಳು ಅರ್ಧ ಲೋಟ ಕೊಟ್ಟಳು. “ಹೇಗೂ ಚೆಲ್ಲೋದು ತಾನೆ, ಹಾಲಾದ್ರೂ ಉಳೀಲಿ” ಎಂದಳು. ಆಮೇಲೆ ಇಬ್ಬರೂ ಗೋಡೆಯ ಜೊತೆ ಮಾತಾಡತೊಡಗಿದರು. ಗೋಡೆಗೆ ಪುಣ್ಯವಿತ್ತು, ಕಿವಿ ಇರಲಿಲ್ಲ.

ಹಟಕ್ಕೋ ಹೆದರಿಕೆಗೋ, ಭಾವ ಸಿಹಿಯನ್ನು ನಿಜವಾಗಿಯೂ ಬಿಟ್ಟಿದ್ದ. ಮಾತ್ರೆಯನ್ನೂ ತಪ್ಪಿಸಲಿಲ್ಲ. ಎರಡನೇ ಸಲ ರಕ್ತ ಕೊಟ್ಟು ಬಂದಾಗ ಎದೆ ಸ್ವಲ್ಪ ಉಬ್ಬಿಯೇ ಇತ್ತು. ಫಲಿತಾಂಶ ನೋಡಿದರೆ ಸಕ್ಕರೆ ಮೊದಲಿಗಿಂತ ಮೇಲೆ! ಡಾಕ್ಟರಮ್ಮ ಕೊನೆಯದಾಗಿ ಒಂದು ತಿಂಗಳ ಗಡುವು ಕೊಟ್ಟು ಕಳಿಸಿದರು.

ಮನೆಯ ಬಾಗಿಲು ಹಾಕಿಕೊಂಡ ಮೇಲೆ ಹೆಂಡತಿ ಗೋಡೆಯನ್ನು ಬಿಟ್ಟು ನೇರವಾಗಿ ಅವನತ್ತ ತಿರುಗಿದಳು.

“ಎಲ್ಲಿ ತಿಂತಿದ್ದೀರಾ? ಬಾಯಿ ಬಿಡ್ರೀ.”

“ತಿಂದಿದ್ರೆ ನನ್ನ ನಾಲಿಗೆ ಬಿದ್ದೋಗ್ಲಿ.”

“ನಾಲಿಗೆ ಗಟ್ಟಿಯಾಗೇ ಇದೆ, ಬೀಳೋದು ಬೆರಳು. ಕುಂಟಿಕೊಂಡು ಬಂದ್ರೆ ನಾನೇನು ಹೊತ್ಕೊಂಡು ತಿರುಗ್ತೀನಾ?”

“ನಿನ್ನ ಹೆಗಲೇರೋದಕ್ಕಿಂತ ತೆವಳೋದು ವಾಸಿ.”

ಅಂಗಿ ಜೇಬು, ಚೀಲ, ಊಟದ ಡಬ್ಬಿ ಎಲ್ಲವನ್ನೂ ಅವಳು ತಡಕಿದಳು. ಒಂದು ಮಿಠಾಯಿ ಕಾಗದವೂ ಸಿಗಲಿಲ್ಲ. ಕಳ್ಳ ಸಿಗದಿದ್ದರೆ ಸಂಶಯ ಬಂಧುಗಳ ಕಡೆಗೇ ತಿರುಗುವುದು ಲೋಕರೂಢಿ. ತಮ್ಮನೇ ಗಂಡನಿಗೆ ತಿನ್ನಿಸಿ ಕೆಡಿಸುತ್ತಿದ್ದಾನೆಂದು ತೀರ್ಮಾನಿಸಿ, ಮರುದಿನ ಅರ್ಧ ದಿನ ರಜೆ ಹಾಕಿ ಕಾರ್ಖಾನೆಗೆ ನುಗ್ಗಿದಳು.

ಪಾಕದ ಕೋಣೆಯ ಬಾಗಿಲಲ್ಲೇ ಅವಳ ಕಾಲು ನಿಂತಿತು. ಗಂಡ ಅವಳಿಗೆ ಓರೆಯಾಗಿ ನಿಂತು ಕಡ್ಡಿ ಅದ್ದಿದ, ನೀರಿಗೆ ಮುಳುಗಿಸಿದ, ಕಿತ್ತ, ಬಾಯಿಗೆ ಹಾಕಿದ, ಕಚ್ಚಿದ. ಗಂಟಲು ಇಳಿದು ಏರಿತು.

“ಈಗ ನುಂಗಿದ್ದೇನ್ರೀ?”

ಭಾವ ಬೆಚ್ಚಿ ತಿರುಗಿದ. “ಏನು ನುಂಗಿದೆ? ಪಾಕ ನೋಡಿದೆ.”

“ನೋಡೋದು ಕಣ್ಣಲ್ಲಿ. ಗಂಟಲಲ್ಲಿ ನೋಡೋದನ್ನ ತಿನ್ನೋದು ಅಂತಾರೆ.”

“ಲೇ, ಇದು ಕೆಲಸ! ಕೆಲಸಾನ ಯಾರಾದ್ರೂ ತಿಂಡಿ ಅಂತಾರಾ?”

ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ದೊಡ್ಡ ಪೇಚು. ಚಹಾದ ಸಕ್ಕರೆ ತಿನ್ನುವ ಬಾಬ್ತು, ಬಾಣಲೆಯ ಸಕ್ಕರೆ ದುಡಿಮೆಯ ಬಾಬ್ತು. ಎರಡೂ ಒಂದೇ ಹೊಟ್ಟೆಗೆ ಹೋಗುತ್ತವೆಂಬುದು ಇಷ್ಟು ವರ್ಷ ಅವನಿಗೆ ಹೊಳೆದಿರಲಿಲ್ಲ.

ಗಲಾಟೆ ಕೇಳಿ ಭಾವಮೈದ ಓಡಿಬಂದ. ಅಕ್ಕ ಅವನ ಮಾತನ್ನು ಬಾಯಿಂದ ಹೊರಗೇ ಬಿಡಲಿಲ್ಲ. ಒಂದು ಖಾಲಿ ಲೋಟ ತಂದು ಬಾಣಲೆಯ ಪಕ್ಕ ಕುಕ್ಕಿದಳು. “ಇವ್ರು ಒಂದು ಕಚ್ಚಿದಾಗೆಲ್ಲ ಅಷ್ಟೇ ದಪ್ಪದ್ದು ಒಂದು ಇದರೊಳಗೆ ಬೀಳ್ಲಿ” ಎಂದು, ಸಂಜೆಯವರೆಗೆ ಮೂಟೆಯ ಮೇಲೆ ಕಾವಲು ಕೂತಳು. ಕೆಲಸ ಮುಗಿದಾಗ ಲೋಟವನ್ನು ತಕ್ಕಡಿಗೆ ಸುರಿದರು. ಅಂಗಡಿಗೆ ಹೋಗುವ ಒಂದು ಪೊಟ್ಟಣದ ತೂಕ ಭರ್ತಿಯಾಗಿ, ಮುಳ್ಳು ಇನ್ನೂ ಕೆಳಗೆ ಬಾಗಿತು. ಐದಾರು ಚಮಚ ಎಲ್ಲಿ, ಇದೆಲ್ಲಿ! ತಕ್ಕಡಿಗೆ ಭಾವನೂ ಇಲ್ಲ, ಮೈದುನನೂ ಇಲ್ಲ. ಭಾವ ಆ ರಾಶಿಯನ್ನು ದಿಟ್ಟಿಸಿದ, ಕಾಲಿನ ಪಟ್ಟಿಯನ್ನು ನೋಡಿಕೊಂಡ.

“ಕಚ್ಚಿ ಉಗೀರಿ” ಎಂದಳು ಹೆಂಡತಿ.

“ಪಾಕದ ಕೋಣೇಲಿ ಉಗುಳೋ ಡಬ್ಬಿ ಇಟ್ರೆ ತಪಾಸಣೆಯವ್ರು ಬಾಗಿಲಿಗೆ ಬೀಗ ಜಡೀತಾರೆ ಅಕ್ಕಾ” ಎಂದ ತಮ್ಮ. ಇಟ್ಟರೂ ಪ್ರಯೋಜನವಿರಲಿಲ್ಲ; ಅಷ್ಟು ವರ್ಷ ನುಂಗಿದ ಗಂಟಲು ನಾಲಿಗೆಯ ಅಪ್ಪಣೆಗೆ ಕಾಯುತ್ತಿರಲಿಲ್ಲ. ತಮ್ಮ ಗಂಟಲು ಸರಿಮಾಡಿಕೊಂಡ. “ಥರ್ಮಾಮೀಟರ್ ತರಿಸ್ತೀನಿ. ಕಡ್ಡಿ, ಹಲ್ಲು ಎಲ್ಲ ಹಳೇ ಕಾಲದ್ದು. ಬೇಡ ಅಂದ್ರೆ ಭಾವ ಕಾಗದ ಸುತ್ತೋ ಮೇಜಿಗೆ ಬರಲಿ.”

“ಧಣಿಗಳು ಇದಕ್ಕೇ ಕಾಯ್ತಿದ್ದ ಹಾಗಿತ್ತು” ಎಂದ ಭಾವ.

“ಕಾಯ್ತಿದ್ದೆ ಅಂತಲೇ ಇಟ್ಕೊಳ್ಳಿ.”

ಹೆಂಡತಿ ನಡುವೆ ಬಂದಳು. “ಬೆರಳು ಬೇಕೋ, ಹಲ್ಲಿನ ಜಂಭ ಬೇಕೋ? ಈಗಲೇ ಹೇಳಿಬಿಡಿ.”

ಭಾವನ ಮುಖ ಸೀದ ಪಾಕದ ಬಣ್ಣಕ್ಕೆ ತಿರುಗಿತು. ಬೆರಳೇ ಬೇಕೆಂದು ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ವಾರ ಥರ್ಮಾಮೀಟರಿನ ಗಾಜಿನ ಕೊಳವೆ ಬಂದಾಗ ಅದನ್ನು ಬಾಣಲೆಗೆ ಇಳಿಬಿಟ್ಟು ಪಕ್ಕದಲ್ಲಿ ನಿಂತ, ಅಷ್ಟೇ. ಪಾದರಸ ಗೆರೆ ಮುಟ್ಟುತ್ತಲೇ ಭಾವಮೈದ “ಇಳಿಸಿ” ಎಂದ.

“ಇಳಿಸ್ತೀನಿ. ಸರಕು ಅಂಟಿ ವಾಪಸು ಬಂದ್ರೆ ನನ್ನ ಕಡೆ ತಿರುಗಬಾರದು. ನನ್ನ ಹಲ್ಲು ಒಪ್ಪದೇ ಇದ್ದ ಪಾಕಕ್ಕೆ ನಾನು ಹೊಣೆಯಲ್ಲ.” ತಣ್ಣೀರಿನಿಂದ ಒಂದು ಉಂಡೆ ಕಿತ್ತು ಮುಂದೆ ಹಿಡಿದ. “ಕಾರ್ಖಾನೆ ತಮ್ಮದು, ಹಲ್ಲೂ ತಮ್ಮದೇ ಆಗ್ಲಿ. ಕಚ್ಚಿ ನೋಡಿ, ಧಣಿಗಳೇ.”

ಭಾವಮೈದ ಕೊಳವೆಯನ್ನು ನೋಡಿದ, ತುಂಬಿದ ಬಾಣಲೆಯನ್ನು ನೋಡಿದ. ಒಂದು ಬಾಣಲೆ ಸರಕು ಹಾಳಾದರೆ ನಷ್ಟ ಯಾರ ತಲೆಗೆಂಬುದು ಅವನಿಗೆ ಕೊಳವೆ ಇಲ್ಲದೆಯೂ ತಿಳಿಯುತ್ತಿತ್ತು. ಬಾಯಿ ತೆರೆದ. ಭಾವ ಬಗ್ಗಿ ಅವನ ಕೆನ್ನೆಗೆ ಕಿವಿ ಆನಿಸಿ, ಸದ್ದು ಆಲಿಸಿ, ಆಮೇಲೆಯೇ ಬಾಣಲೆ ಇಳಿಸಿದ.

ಅಂದಿನಿಂದ ಪ್ರತಿ ಬಾಣಲೆಗೂ ಮಾಲೀಕನಿಗೆ ಕರೆ ಹೋಗುತ್ತಿತ್ತು. ಗಡುವು ಮುಗಿದಾಗ ಭಾವನ ರಕ್ತದ ಸಕ್ಕರೆ ಇಳಿದಿತ್ತು. ಗಾಯದ ಅಂಚು ಕೂಡಿಕೊಳ್ಳುತ್ತಿದೆ, ಸದ್ಯಕ್ಕೆ ಬೆರಳು ತೆಗೆಯುವ ಮಾತಿಲ್ಲ ಎಂದರು ಡಾಕ್ಟರಮ್ಮ. ಹೆಂಡತಿ ಹೊಗಳಲಿಲ್ಲ, ಅವನು ಕಾಯಲೂ ಇಲ್ಲ. ಕಾರ್ಖಾನೆಯಲ್ಲಿ ಮಾತ್ರ ಭಾವಮೈದನ ಕೆನ್ನೆ ದುಂಡಗಾಗತೊಡಗಿತ್ತು.

“ಇವತ್ತೊಂದಿನ ನೀವೇ ಕಚ್ಚಿ ಭಾವ, ಹಲ್ಲೆಲ್ಲ ಜುಮ್ಮಂತಿದೆ” ಎಂದು ಒಮ್ಮೆ ಬೇಡಿಕೊಂಡ.

“ನಿಮ್ಮಕ್ಕನ್ನ ಕೇಳಿ, ಅಪ್ಪಣೆ ಕೊಟ್ರೆ ಕಚ್ತೀನಿ.”

ಅಕ್ಕನನ್ನು ಕೇಳುವ ಗಂಡು ಆ ವಂಶದಲ್ಲಿ ಹುಟ್ಟಿರಲಿಲ್ಲ. ಭಾವಮೈದ ಕಣ್ಣು ಮುಚ್ಚಿ ಕಚ್ಚಿದ. ಟಕ್ಕೆಂದು ಒಡೆಯಿತು, ಆಚೆ ಮೇಜಿನ ಮುದುಕಿಯರಿಗೂ ಕೇಳಿಸಿತು.

ಭಾವ ಕಿವಿಯನ್ನು ಇನ್ನಷ್ಟು ಹತ್ತಿರ ತಂದ.

“ಸರಿಯಾಗಿ ಕೇಳಿಸಲಿಲ್ಲ, ಧಣಿಗಳೇ. ಇನ್ನೊಂದು ಕಚ್ಚಿ.”